ಸ್ಟ್ಯಾಂಡಿನ ಮೇಲಿನ ಸವಾರಿ

ನಮ್ಮ ಮನೆ ಮಾಲೀಕರ ಕಾರು ರಸ್ತೆಗೆ ಇಳಿಯುವುದಿಲ್ಲ, ಶೆಡ್ಡಿನಲ್ಲಿ ಸೇವೆ ಮಾಡಿಸಿಕೊಳ್ಳುತ್ತದೆ. ಟೈರುಗಳ ಮೇಲೆ ಭಾರ ಬೀಳಬಾರದೆಂದು ಅದನ್ನು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಏರಿಸಿ, ಬ್ಯಾಟರಿ ಬಿಚ್ಚಿಟ್ಟು, ಇಲಿ ನುಗ್ಗದಂತೆ ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕಿ, ಮೆತ್ತನೆಯ ಹೊದಿಕೆ ಹೊದಿಸಿದ್ದಾರೆ. ಬಾಡಿಗೆಗಿರುವ ನಮ್ಮ ಸೂರು ಸೋರಿದರೆ "ನೋಡೋಣ, ನೋಡೋಣ" ಎನ್ನುವ ಮಹಾನುಭಾವರು, ಶೆಡ್ಡಿನೊಳಗೆ ಒಂದು ಹನಿ ಬಿದ್ದರೆ ಸಾಕು, ತಾವೇ ಏಣಿ ಹತ್ತುತ್ತಾರೆ. ನನ್ನ ಕಾಲು ಉಳುಕಿ ಊದಿಕೊಂಡಾಗ, ಆಸ್ಪತ್ರೆಗೆ ಹೋಗೋಕೆ ಕಾರು ಕೊಡ್ತೀರಾ, ಗೆಳೆಯ ಓಡಿಸ್ತಾನೆ ಎಂದು ಕೇಳಿದ್ದೆ. "ಈಗ ಅದನ್ನ ಕೆಳಗಿಳಿಸಿದ್ರೆ ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತೆ ಕಣ್ರೀ. ಊದಿದ ಕಾಲು ತಾನಾಗೇ ಇಳಿಯುತ್ತೆ," ಎಂದರು. ಕಟ್ಟಿಕೊಂಡ ಹೆಂಡತಿಗೂ ಇಷ್ಟು ಉಪಚಾರ ಸಿಕ್ಕಿರಲಿಕ್ಕಿಲ್ಲ ಎಂದು ನಾವೆಲ್ಲ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು. ಮೊನ್ನೆ ಸಂಜೆ ಸ್ಪ್ಯಾನರ್ ಕೇಳಲು ಶೆಡ್ಡಿಗೆ ಹೋದೆ. ಹೊದಿಕೆ ಅರ್ಧ ಸರಿದಿತ್ತು. ಸ್ಟೀರಿಂಗ್ ಹಿಡಿದು ಅವರ ಹೆಂಡತಿ ಕೂತಿದ್ದರು. ಆ ಮನೆಯಲ್ಲಿ ಕಾರು ಓಡಿಸಲು ಬರುತ್ತಿದ್ದುದು ಆಕೆಗೊಬ್ಬರಿಗೇ. ಹೋದ ವರ್ಷ ಎರಡೂ ಕಣ್ಣು ಹೋದವು. ಪಕ್ಕದ ಸೀಟಿನಲ್ಲಿ ಕೂತ ಮಾಲೀಕರು ಎದುರಿನ ಬೋಳು ಗೋಡೆಯನ್ನೇ ನೋಡುತ್ತ, "ನಿಧಾನ ಕಣೇ, ಮುಂದೆ ಬಸ್ಸು ಅಡ್ಡ ನಿಂತಿದೆ," ಎಂದರು. "ಇವನಿಗೇನು ರಸ್ತೆ ಬರೆದುಕೊಟ್ಟಿದಾರಾ?" ಎಂದು ರೇಗಿ ಆಕೆ ಹಾರ್ನ್ ಒತ್ತಿದರು. ಬ್ಯಾಟರಿ ಇಲ್ಲದ ಕಾರು ಸುಮ್ಮನಿತ್ತು. ಮಾಲೀಕರು ಕತ್ತು ಚಾಚಿ, ಗಂಟಲು ಹರಿಯುವಂತೆ, "ಪೀಂ! ಪೀಂ!" ಎಂದರು.