ಹೊಸ್ತಿಲ ಮುಂದೆ ಅವ್ವನ ಒಡಪು

೧೯೪೪ನೆಯ ಇಸವಿಯ ಬೇಸಿಗೆಯಲ್ಲಿ, ಯುದ್ಧ ಇನ್ನೂ ನಡೆದಿದ್ದಾಗ, ಹಾನಗಲ್ಲಿನಲ್ಲಿ ನನ್ನ ಮದುವೆಯಾಯಿತು. ಆಗ ನನಗೆ ಹದಿನೇಳು ವರ್ಷ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಮದುವೆಯ ಸುದ್ದಿಯನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಗಂಡನ ಮನೆಯ ಹೊಸ್ತಿಲ ಮುಂದೆ ನಾನು ನಿಂತಿದ್ದ ಸ್ವಲ್ಪ ಹೊತ್ತಿನ ಸಂಗತಿಯನ್ನಷ್ಟೇ ಬರೆಯುತ್ತೇನೆ. ಅದು ತಿಳಿಯಬೇಕಾದರೆ ಮೊದಲು ನನ್ನ ತಂದೆಯ ವಿಷಯ ಹೇಳಬೇಕು.

ತಂದೆ ಗುರುಬಸಪ್ಪ ಮಾಸ್ತರರು ಶಿಗ್ಗಾಂವಿಯ ಒಂದು ಕನ್ನಡ ಶಾಲೆಯಲ್ಲಿ ಹೆಡ್ ಮಾಸ್ತರರಾಗಿದ್ದರು. ಅವರ ಕಿಸೆಯಲ್ಲಿ ಸರಪಳಿಯ ಗಡಿಯಾರವಿತ್ತು. ನಮ್ಮ ಮನೆ ಆ ಗಡಿಯಾರದಂತೆ ನಡೆಯುತ್ತಿತ್ತು. ಐದಕ್ಕೆ ಏಳುವುದು, ಜಳಕ, ವಿಭೂತಿ, ಮಗ್ಗಿ, ಶುದ್ಧಲೇಖನ, ಆಮೇಲೆ ರೊಟ್ಟಿ. ನಾನು ‘ಅಪ್ಪಾ’ ಎಂದು ಕರೆದರೆ ತಲೆ ಎತ್ತದೆ, “ಏನು? ಲಗೂನ ಹೇಳು” ಎನ್ನುತ್ತಿದ್ದರು. ಅವರು ಒಂದು ದಿನವೂ ನನ್ನನ್ನು ಹೊಡೆದವರಲ್ಲ. ಆದರೆ ಅವರ ತೊಡೆಯ ಮೇಲೆ ಕುಳಿತ ನೆನಪೂ ನನಗಿಲ್ಲ.

ಅವ್ವ ನನ್ನ ಏಳನೆಯ ವರ್ಷದಲ್ಲಿ ಜ್ವರದಿಂದ ತೀರಿಕೊಂಡಳು. ಅವಳಿದ್ದಾಗ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಹಾಡುವ ಒಂದೊಂದು ಪದವಿತ್ತಂತೆ. ನನ್ನ ತಲೆ ಬಾಚುವಾಗ ಒಂದು, ಬೀಸುವಾಗ ಒಂದು, ಮಳೆ ಹನಿದರೆ ಇನ್ನೊಂದು. ಇದನ್ನೆಲ್ಲ ನನಗೆ ಹೇಳಿದವಳು ನೆರೆಮನೆಯ ಮಹಬೂಬಿ ಚಾಚಿ. ಅವ್ವನೂ ಅವಳೂ ಒಂದೇ ಬೀಸುವ ಕಲ್ಲಿನ ಗೂಟ ಹಿಡಿದು ಬೀಸಿದವರು. ನನಗೆ ಮಾತ್ರ ಅವ್ವನ ದನಿ ನೆನಪಿರಲಿಲ್ಲ. ಎಷ್ಟು ಯೋಚಿಸಿದರೂ ಅವಳ ಹಸಿರು ಬಳೆಗಳು ಕಣ್ಣಿಗೆ ಬರುತ್ತಿದ್ದವೇ ಹೊರತು ದನಿ ಕಿವಿಗೆ ಬರುತ್ತಿರಲಿಲ್ಲ. ಅವಳು ಹೋದ ಮೇಲೆ ತಂದೆ ಬೀಸುವ ಕಲ್ಲನ್ನು ಹಿತ್ತಲಿಗೆ ಸಾಗಿಸಿದರು. ಹಿಟ್ಟು ಗಿರಣಿಯಿಂದ ಬರತೊಡಗಿತು. ಮನೆಯಲ್ಲಿ ಪದಗಳೂ ನಿಂತವು. ಶಾಲೆಯ ಪುಸ್ತಕದ ಪದ್ಯಗಳನ್ನು ಕೂಡ ರಾಗವಿಲ್ಲದೆ, ಉಚ್ಚಾರ ತಪ್ಪದಂತೆ ಓದಬೇಕಿತ್ತು. “ರಾಗದಾಗ ತಪ್ಪು ಮುಚ್ಚಿಹೋಗ್ತಾವ” ಎನ್ನುತ್ತಿದ್ದರು.

ಮದುವೆ ನಿಶ್ಚಯವಾದ ದಿನ ಹಾನಗಲ್ಲಿನಿಂದ ಬೀಗರು ಬಂದಿದ್ದರು. ಅವರ ಜೊತೆಗೆ ವರನ ಮುದಿ ಸೋದರತ್ತೆಯೂ ಇದ್ದಳು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಎಲೆ ಅಡಿಕೆ ಅಗಿಯುತ್ತ, ಎಲ್ಲರಿಗೂ ಕೇಳುವಂತೆ ಹೇಳಿದಳು:

“ಹುಡುಗಿ ಶಾಣ್ಯಾಳ ಅದಾಳ, ಇಲ್ಲನ್ನಂಗಿಲ್ಲ. ಆದ್ರ ತಾಯಿಲ್ಲದ್ದು, ಗಂಡಸು ಬೆಳಸಿದ್ದು. ಲೆಕ್ಕಾ ಬರ್ತಾವ ಖರೆ, ಹೊಸ್ತಿಲದಾಗ ನಿಂತು ಒಂದ ಒಡಪ ಹೇಳಾಕ ಬರ್ತೈತೇನು?”

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವಂತಿರಲಿಲ್ಲ. ಪ್ರಾಸದ ಒಂದು ಪದ್ಯ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅದೇ ಒಡಪು. ಹೊಸ ಮದುಮಗಳು ಒಡಪು ಹೇಳುವ ತನಕ ನಾದಿನಿಯರು ಬಾಗಿಲು ಬಿಡುವುದಿಲ್ಲ. ಹುಡುಗಿಯರಿಗೆ ಇದನ್ನು ತಾಯಂದಿರು ಕಲಿಸಿರುತ್ತಾರೆ. ಹಾಗಾಗಿ ಒಡಪು ಬಾರದ ಸೊಸೆ ಎಂದರೆ ಮನೆಯಲ್ಲಿ ಕಲಿಸುವವರಿಲ್ಲದ ಸೊಸೆ ಎಂದೇ ಅರ್ಥ.

ಸೋದರತ್ತೆಯ ಮಾತು ಕೇಳಿ ತಂದೆ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟವರು ಮತ್ತೆ ಎತ್ತಿಕೊಳ್ಳಲಿಲ್ಲ. ಹತ್ತು ವರ್ಷ ನನ್ನ ಬಟ್ಟೆ ಒಗೆದವರು, ಜಡೆ ಹೆಣೆಯಲು ಕಲಿತವರು, ಮಗಳಿಗೆ ಯಾವುದೂ ಕಡಿಮೆಯಾಗಿಲ್ಲ ಎಂದು ನಂಬಿದ್ದವರು ಅವರು. ಅವರ ಮುಖ ನೋಡಿ ನನಗೆ ಸಂಕಟವಾಯಿತು. ಹೊಸ್ತಿಲಲ್ಲಿ ಮಾತ್ರ ನಾನು ಸೋಲಬಾರದು ಎಂದು ಅಂದೇ ಗಟ್ಟಿ ಮಾಡಿಕೊಂಡೆ.

ಮರುದಿನ ಮಹಬೂಬಿ ಚಾಚಿ ಸುದ್ದಿ ಕೇಳಿ ಬಂದಳು. “ಮಾಸ್ತರ, ನೀವು ಚಿಂತಿ ಬಿಡ್ರಿ. ನಾ ಕಲಸ್ತೇನಿ ಹುಡುಗಿಗೆ, ಒಂದಲ್ಲ ಹತ್ತು.”

“ಬ್ಯಾಡ್ರಿ. ನಾನ ಬರದೇನಿ” ಎಂದು ತಂದೆ ಪಾಟಿ ತೋರಿಸಿದರು. ಅದರ ಮೇಲೆ ದುಂಡಗಿನ ಅಕ್ಷರದಲ್ಲಿ, ವರನ ಹೆಸರು ಸೇರಿಸಿ, ಹೀಗಿತ್ತು:

ಸೂರ್ಯನಿಂದ ಬೆಳಕು, ಮಳೆಯಿಂದ ಬೆಳೆ, ವಿದ್ಯೆಯಿಂದ ವಿನಯ,
ವಿರೂಪಾಕ್ಷರ ಮನೆಯಲ್ಲಿ ಪಾಲಿಸುವೆ ಅನುದಿನವೂ ನಿಯಮ.

ಚಾಚಿಗೆ ಓದಲು ಬರುತ್ತಿರಲಿಲ್ಲ. ನಾನು ಓದಿ ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಮಾಸ್ತರ, ಸಿಟ್ಟಾಗಬ್ಯಾಡ್ರಿ. ಇದನ್ನ ಕೇಳಿ ಬೀಗರು ಹುಡುಗಿನ್ನ ಒಳಗ ಕರ್ಕೋತಾರೋ, ಮುಂದಿನ ಇಯತ್ತೆಗೆ ಹಾಕ್ತಾರೋ?”

“ಅರ್ಥ ಚೊಲೋ ಇರಬೇಕ್ರಿ. ಪ್ರಾಸ ಬಂದ್ರ ಬರ್ಲಿ, ಬಿಟ್ರ ಬಿಡ್ಲಿ” ಎಂದರು ತಂದೆ. ಅಂದಿನಿಂದ ಬೆಳಗಿನ ಮಗ್ಗಿಯ ಜೊತೆಗೆ ಈ ಒಡಪೂ ಸೇರಿತು. ತಂದೆ ಬೆರಳು ಮಡಚಿ ಎಣಿಸುತ್ತಿದ್ದರು, ನಾನು ಹೇಳುತ್ತಿದ್ದೆ. ಮದುವೆಯ ಹೊತ್ತಿಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪದೆ ಹೇಳುವಂತಾಗಿದ್ದೆ.

ಮದುವೆ ಬೀಗರ ಊರಿನಲ್ಲೇ ಆಯಿತು. ಅಕ್ಷತೆ ಬಿದ್ದು ಊಟವಾದ ಮೇಲೆ ನಮ್ಮನ್ನು ಮನೆ ತುಂಬಿಸಿಕೊಳ್ಳಲು ಬಾಗಿಲಿಗೆ ಕರೆತಂದರು. ಹೊಸ್ತಿಲ ಮೇಲೆ ಅಕ್ಕಿಯ ಸೇರು. ಅದರಾಚೆ ನಾದಿನಿ ಶಾಂತಾ ಎರಡೂ ಕೈ ಚಾಚಿ ಬಾಗಿಲು ಹಿಡಿದು ನಿಂತಿದ್ದಳು. ಅವಳ ಹಿಂದೆ ಆರತಿ ತಟ್ಟೆ ಹಿಡಿದ ಅತ್ತೆ ನೀಲವ್ವ, ಗೋಡೆಗೆ ಆತು ಕುಳಿತ ಸೋದರತ್ತೆ. ನನ್ನ ಹಿಂದೆ ಅಂಗಳದ ತುಂಬ ಜನ. ತಂದೆ ಚಪ್ಪರದ ಕಂಬದ ಹತ್ತಿರ ನಿಂತು ಗಡಿಯಾರ ತೆಗೆದು ನೋಡುತ್ತಿದ್ದರು. ಯುದ್ಧದಿಂದಾಗಿ ಪೆಟ್ರೋಲು ಸಿಗದೆ ಆಗ ಇದ್ದಿಲಿನ ಬಸ್ಸುಗಳು ಓಡುತ್ತಿದ್ದವು. ಶಿಗ್ಗಾಂವಿ ಕಡೆಯ ಬಸ್ಸು ಮೂರಕ್ಕೆ ಹೊರಡುತ್ತಿತ್ತು. ತಂದೆ ಒಂದು ದಿನವೂ ಬಸ್ಸು ತಪ್ಪಿಸಿಕೊಂಡವರಲ್ಲ.

“ಹೆಸರು ಹೇಳ್ರಿ ವೈನಿ. ಇಲ್ಲಂದ್ರ ಇಲ್ಲೇ ಬಿಸಲಾಗ ನಿಂದರ್ರಿ” ಎಂದಳು ಶಾಂತಾ.

ನಾನು ಕೈ ಕಟ್ಟಿ, ಶಾಲೆಯಲ್ಲಿ ನಿಲ್ಲುವಂತೆ ನೆಟ್ಟಗೆ ನಿಂತು, “ಸೂರ್ಯನಿಂದ ಬೆಳಕು” ಎಂದೆ. ಅಲ್ಲಿಗೆ ನಿಂತಿತು. ಮುಂದಿನದು ಮಳೆಯೋ ವಿದ್ಯೆಯೋ ತಿಳಿಯಲಿಲ್ಲ. ಮತ್ತೆ, “ಸೂರ್ಯನಿಂದ ಬೆಳಕು” ಎಂದೆ. ಯಾರೋ ಕಿಸಕ್ಕನೆ ನಕ್ಕರು.

“ನಾ ಹೇಳಿದ್ನಿಲ್ಲೋ?” ಎಂದಳು ಸೋದರತ್ತೆ. “ಪಾಪ, ಹೇಳಿಕೊಡಾಕ ಮನ್ಯಾಗ ಯಾರ ಅದಾರ?”

ತಿರುಗಿ ತಂದೆಯನ್ನು ನೋಡುವ ಧೈರ್ಯವಾಗಲಿಲ್ಲ. ಕಣ್ಣು ಮುಚ್ಚಿಕೊಂಡೆ. ಆಗ ನನ್ನ ಬಾಯಿಂದ ಒಂದು ಪದ್ಯ ಹೊರಗೆ ಬಂತು. ನಾನದನ್ನು ಯೋಚಿಸಿರಲಿಲ್ಲ, ಕಲಿತೂ ಇರಲಿಲ್ಲ. ಒಂದೊಂದು ಸಾಲಿನ ಕೊನೆಯನ್ನು ತುಸು ಎಳೆದು, ರಾಗವಾಗಿಯೇ ಹೇಳಿದೆ:

ಸಾಲ್ಯಾಗ ಹುಲಿ, ಮನಿಯಾಗ ಕಾಸಿದ ತುಪ್ಪ,
ಸಿಟ್ಟು ಬಂದರ ನೀರಿಗೆ ಬಿದ್ದ ಉಪ್ಪ,
ನಾ ಕರದರ ‘ಓ’ ಅಂತಾರ ನಮ್ಮ ಗುರುಬಸಪ್ಪ.

ಹೇಳಿ ಮುಗಿಸಿದ ಮೇಲೆಯೇ ನಾನು ಹೇಳಿದ್ದೇನೆಂದು ನನಗೆ ತಿಳಿದದ್ದು. ಅಂಗಳಕ್ಕೆ ಅಂಗಳವೇ ನಕ್ಕಿತು.

“ಅಯ್ಯ ವೈನಿ! ನಮ್ಮಣ್ಣನ ಹೆಸರು ಯಾವಾಗ ಬದಲಾತು?” ಎಂದು ಶಾಂತಾ ಬಾಗಿಲು ಬಿಟ್ಟು ಹೊಟ್ಟೆ ಹಿಡಿದುಕೊಂಡಳು.

“ಸುಡ್ಲಿ ಇಕಿ ಶಾಣ್ಯಾತನಾ! ಹೊಸ್ತಿಲದಾಗ ನಿಂತು ಅಪ್ಪನ ಹೆಸರು ಹೇಳಾಕತ್ತಾಳ” ಎಂದಳು ಸೋದರತ್ತೆ.

ಭೂಮಿ ಬಾಯಿ ಬಿಟ್ಟರೆ ಇಳಿದುಬಿಡೋಣ ಎನ್ನಿಸಿತು. ತಂದೆಯ ಮಾನ ಉಳಿಸಬೇಕೆಂದು ಬಂದವಳು ಅವರ ಹೆಸರನ್ನೇ ನಗೆಪಾಟಲು ಮಾಡಿದ್ದೆ. ಮೆಲ್ಲಗೆ ತಿರುಗಿ ನೋಡಿದೆ. ತಂದೆ ನಗುತ್ತಿರಲಿಲ್ಲ, ಸಿಟ್ಟಾಗಿಯೂ ಇರಲಿಲ್ಲ. ಒಂದು ಕೈಯಲ್ಲಿ ಕಂಬ ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ಗಡಿಯಾರ ಹಾಗೇ ತೆರೆದಿತ್ತು, ಆದರೆ ಅವರು ಅದನ್ನು ನೋಡುತ್ತಿರಲಿಲ್ಲ.

ಅತ್ತೆ ನೀಲವ್ವನೂ ಅವರನ್ನೇ ನೋಡಿದಳು. ಆರತಿ ತಟ್ಟೆಯನ್ನು ಮಗಳ ಕೈಗೆ ಕೊಟ್ಟು, ಹೊಸ್ತಿಲ ತನಕ ಬಂದು ಕೇಳಿದಳು: “ಮಾಸ್ತರ, ಇದು ಯಾರ ಒಡಪ್ರಿ?”

“ಇಕಿ ತಾಯಿದ್ರಿ” ಎಂದರು ತಂದೆ. “ನಾ ಹೇಳಿಕೊಟ್ಟಿದ್ದಲ್ರಿ. ಹತ್ತು ವರ್ಷಾತು, ನಮ್ಮ ಮನ್ಯಾಗ ಅದನ್ನ ಯಾರೂ ಅಂದಿಲ್ಲ.”

ನಗು ಒಮ್ಮೆಲೇ ನಿಂತಿತು. ಸೋದರತ್ತೆ ಅಗಿಯುವುದನ್ನೂ ನಿಲ್ಲಿಸಿದಳು. ಅತ್ತೆ ನನ್ನ ಗದ್ದ ಹಿಡಿದು ಎತ್ತಿದಳು.

“ಅಳಬ್ಯಾಡವಾ. ನೀ ತಪ್ಪಿಲ್ಲ. ಮಗಳ ಮದಿವಿಗೆ ಹಡದಾಕಿ ಬರಬೇಕಲ್ಲ, ಬಂದ್ಲು. ಬಂದಾಕಿ ತನ್ನದ ಮೊದಲ ಹೇಳಿ ಹ್ವಾದ್ಲು. ಈಗ ನಿಂದು ಹೇಳು.”

ಪಕ್ಕದಲ್ಲಿದ್ದ ನನ್ನ ಗಂಡ ಮೆಲ್ಲಗೆ, “ಹಿರಿಯಾರ ಹೆಸರು ಮೊದಲ ಬರೂದ ಸೈ ಐತಿ. ನಾ ಕಾಯ್ತೇನಿ” ಎಂದರು. ಅವರ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು.

ಆಗ ತಂದೆಯ ಒಡಪು ತಾನಾಗಿಯೇ ನೆನಪಾಯಿತು. ಸೂರ್ಯ, ಮಳೆ, ವಿದ್ಯೆ, ನಿಯಮ, ಒಂದೂ ತಪ್ಪದೆ ಹೇಳಿದೆ. ಶಾಂತಾ ಕಣ್ಣರಳಿಸಿ, “ಯವ್ವಾ, ಇದು ಒಡಪಲ್ಲ, ಪಾಠ!” ಎಂದಳು. ಈ ಸಲ ನಾನೂ ನಕ್ಕೆ.

“ಇರ್ಲಿ ಬಿಡು” ಎಂದಳು ಅತ್ತೆ. “ಅವ್ವಂದಾತು, ಅಪ್ಪಂದಾತು. ಇಕಿದು ಇನ್ನಾ ಬರೂದೈತಿ. ಅದಕ್ಕ ಅವಸರಿಲ್ಲ. ಬಲಗಾಲಿಟ್ಟು ಒಳಗ ಬಾ ತಂಗಿ.”

ಒಳಗಿನ ಶಾಸ್ತ್ರಗಳು ಮುಗಿದು ನಾನು ಹೊರಗೆ ಬಂದಾಗ ಮೂರರ ಬಸ್ಸು ಹೋಗಿಯಾಗಿತ್ತು. ತಂದೆ ಕಟ್ಟೆಯ ಮೇಲೆ ಒಬ್ಬರೇ ಕುಳಿತಿದ್ದರು. ನನ್ನನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿದರು. ಅಲ್ಲಿಯವರೆಗೆ ಅವರ ಪಕ್ಕದಲ್ಲಿ ಹಾಗೆ ಕುಳಿತವಳಲ್ಲ ನಾನು.

“ಅದನ್ನ ಎಲ್ಲಿ ಕೇಳಿದ್ದಿ ನೀ?” ಎಂದರು.

ಹೊಸ್ತಿಲಿನಿಂದ ಅಲ್ಲಿಗೆ ಬರುವಷ್ಟರಲ್ಲಿ ನನಗೆ ಅದೂ ನೆನಪಾಗಿತ್ತು. ನಾಗರ ಪಂಚಮಿಯ ಜೋಕಾಲಿ. ಅವ್ವನ ತೊಡೆಯ ಮೇಲೆ ನಾನು, ಸುತ್ತಲೂ ಹೆಂಗಸರು, “ಹೆಸರು ಹೇಳು, ಇಲ್ಲಂದ್ರ ಜೋಕಾಲಿ ಬಿಡಂಗಿಲ್ಲ” ಎಂಬ ಗದ್ದಲ. ನನ್ನ ಬೆನ್ನು ಅವ್ವನ ಎದೆಗೆ ಆತಿತ್ತು. ಅವಳು ಹೇಳಿದ್ದನ್ನು ನಾನು ಕಿವಿಯಿಂದ ಕೇಳಿದ್ದಕ್ಕಿಂತ ಬೆನ್ನಿನಿಂದ ಕೇಳಿದ್ದೇ ಹೆಚ್ಚು. ಹಾಗೆಂದು ತಂದೆಗೆ ಹೇಳಿದೆ.

“ಇನ್ನೊಮ್ಮೆ ಅನ್ನು.”

ಮಗ್ಗಿ ಒಪ್ಪಿಸುವಾಗ ಎಷ್ಟೋ ಸಲ ಕೇಳಿದ ಮಾತು ಅದು. ಆದರೆ ಈ ಸಲ ಅವರು ಬೆರಳು ಮಡಚಲಿಲ್ಲ. ನಾನು ಹೇಳಿದೆ. ಕೇಳುತ್ತ ಕೇಳುತ್ತ ಚಸ್ಮಾ ತೆಗೆದು ಧೋತರದ ಅಂಚಿನಿಂದ ಒರೆಸಿದರು.

“‘ಬಿದ್ದ’ ಅಲ್ಲ” ಎಂದರು. “‘ನೀರಿನಾಗ ಕರಗಿದ ಉಪ್ಪ’. ಆಕಿ ಹಂಗ ಅಂತಿದ್ಲು.”

ನಾನು ತಿದ್ದಿಕೊಂಡು ಮತ್ತೊಮ್ಮೆ ಹೇಳಿದೆ. ಹತ್ತು ವರ್ಷ ಮನೆಯಲ್ಲಿ ನಾನು ಕಂಡದ್ದು ಹುಲಿಯನ್ನೇ. ಒಳಗೆ ತುಪ್ಪವೂ ಇತ್ತೆಂದು ನನಗೆ ತಿಳಿಸಲು ಅವ್ವ ಹಾನಗಲ್ಲಿನ ತನಕ ಬರಬೇಕಾಯಿತು.

ಸಂಜೆಯ ಬಸ್ಸಿಗೆ ತಂದೆಯನ್ನು ಕಳಿಸಲು ಮನೆಯವರೆಲ್ಲ ಬಾಗಿಲ ತನಕ ಬಂದೆವು. ಅವರು ಎಲ್ಲರಿಗೂ ಕೈ ಮುಗಿದು, ಚೀಲ ಹೆಗಲಿಗೆ ಹಾಕಿಕೊಂಡು, ಎಂದಿನ ಬಿರುಸಿನಲ್ಲಿ ನಡೆದರು. ಓಣಿಯ ತಿರುವಿನ ಹತ್ತಿರ ಹೋದಾಗ ನನಗೆ ತಡೆಯಲಾಗಲಿಲ್ಲ. “ಅಪ್ಪಾ!” ಎಂದು ಕೂಗಿದೆ. ಹೇಳಬೇಕಾದದ್ದು ಏನೂ ಇರಲಿಲ್ಲ. ಅವರು “ಏನು?” ಎಂದು ಕೇಳಿದ್ದರೆ ಉತ್ತರ ಕೊಡಲು ಆಗುತ್ತಿರಲಿಲ್ಲ.

ಅವರು ನಿಂತರು. ತಿರುಗಿದರು. “ಓ” ಎಂದರು.

ನನ್ನ ಸ್ವಂತ ಒಡಪು ಬರಲು ಮುಂದೆ ಕೆಲವು ವರ್ಷಗಳೇ ಬೇಕಾದವು. ಅದು ಮನೆಯವರಿಗೆ ಮಾತ್ರ ಹೇಳಿದ್ದು, ಇಲ್ಲಿ ಬರೆಯುವುದಿಲ್ಲ. ನಾನು ಇಂದಿಗೂ ಐದಕ್ಕೆ ಏಳುತ್ತೇನೆ. ಮೊಮ್ಮಕ್ಕಳಿಗೆ ಮಗ್ಗಿ ಹೇಳಿಸುತ್ತೇನೆ, ತಲೆ ಬಾಚುವಾಗ ಪದವನ್ನೂ ಹೇಳುತ್ತೇನೆ. ಅಜ್ಜಿ ಬಹಳ ಶಿಸ್ತಿನವಳು ಎಂದು ಅವರ ದೂರು. ಅದು ನಿಜವೇ. ಆದರೆ ನಾನು ಎಷ್ಟೇ ಕೆಲಸದಲ್ಲಿದ್ದರೂ, ಅವರು ಎಷ್ಟು ಸಲ ಕರೆದರೂ, ಈ ತನಕ ಒಮ್ಮೆಯೂ “ಏನು?” ಎಂದವಳಲ್ಲ.