ಗಿಡುಗನ ಪರವಾಗಿ ಗೆದ್ದ ಭಾನುವಾರ

ಗಿಡುಗನಿಗೆ ರೆಕ್ಕೆ ಇದ್ದವು, ಅಂಬಿಗನಿಗೆ ನೆರಳು ಇರಲಿಲ್ಲ, ಇಬ್ಬರಿಗೂ ಬುದ್ಧಿ ಇರಲಿಲ್ಲ. ಇದು ನನ್ನ ಅಭಿಪ್ರಾಯ. ಆ ವರ್ಷ ಧಾರವಾಡದಲ್ಲಿ ಅದನ್ನು ಕೇಳುವ ಪುರಸೊತ್ತು ಯಾರಿಗೂ ಇರಲಿಲ್ಲ.

ಆ ಟೀವಿ ಧಾರಾವಾಹಿಯ ಕಥೆ ಇಷ್ಟು. ಕೆರೆಯ ತಳದಲ್ಲೊಂದು ರಾಜ್ಯ, ಅದಕ್ಕೊಬ್ಬ ರಾಣಿ. ಅವಳ ಹಿಂದೆ ಇಬ್ಬರು. ಒಬ್ಬ, ಹೊತ್ತು ಮುಳುಗಿದ ಕೂಡಲೇ ಗಿಡುಗವಾಗುವ ರಾಜಕುಮಾರ. ಅವಳಿಗಾಗಿ ವಾರಕ್ಕೊಬ್ಬನನ್ನು ಕೊಲ್ಲುತ್ತಾನೆ. ಇನ್ನೊಬ್ಬ, ಶಾಪದಿಂದ ನೆರಳು ಕಳೆದುಕೊಂಡ ಅಂಬಿಗ. ಅವನು ಏನೂ ಮಾಡುವುದಿಲ್ಲ, ಪ್ರತಿ ಹುಣ್ಣಿಮೆಗೆ ದಂಡೆಗೆ ದೋಣಿ ಕಟ್ಟಿ ಅವಳು ಮೇಲೆ ಬರಲೆಂದು ಕಾಯುತ್ತಾನೆ. ರಾಣಿಯ ಕೆರೆ ಬತ್ತುತ್ತಿತ್ತು, ಪ್ರಜೆಗಳು ಒಬ್ಬೊಬ್ಬರಾಗಿ ಕಲ್ಲಾಗುತ್ತಿದ್ದರು. ಅದರ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ರಾಣಿ ಯಾರ ಪಾಲಿಗೆ? ಪ್ರಶ್ನೆ ಅದೊಂದೇ.

ಈ ಪ್ರಶ್ನೆ ಬಗೆಹರಿಸಲು ಮಾಳಮಡ್ಡಿಯ ನಮ್ಮ ಸೋದರತ್ತಿಯ ಮನೆಯ ಮಹಡಿಯಲ್ಲಿ ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ಜನ ಸೇರುತ್ತಿದ್ದರು. ಅತ್ತಿಯ ಮಾವ ಇದ್ದಾಗ ಸಂಗೀತ ಕಲಿಸುತ್ತಿದ್ದ ಕೋಣೆ ಅದು. ಗವಸು ಹಾಕಿದ ತಂಬೂರಿ ಇನ್ನೂ ಮೂಲೆಯಲ್ಲಿದೆ. ಅದರ ಕೊರಳಿಗೆ ಗಿಡುಗದ ಕಡೆಯವರು ರಟ್ಟಿನ ಗಿಡುಗವೊಂದನ್ನು ತೂಗುಹಾಕಿದ್ದರು. ಹೋದಾಗಲೆಲ್ಲ ನಾನು ಅದರ ಮುಖ ಗೋಡೆಗೆ ತಿರುಗಿಸುತ್ತಿದ್ದೆ.

ಗಿಡುಗದ ಕಡೆಯ ಮುಂದಾಳು ರಿಟೈರ್ ಆದ ಒಬ್ಬ ಕಾಕಾ. ಚುರುಮುರಿ ತಿಂದ ಎಣ್ಣೆಗೈಯಿಂದಲೇ ಮೊಬೈಲಿನಲ್ಲಿ ರಾಣಿಯ ಮುಖ ಹಿಗ್ಗಿಸಿ, "ಈ ಕಣ್ಣ ನೋಡ್ರಿ. ಅಂಬಿಗನ್ನ ನೋಡೋವಾಗ ಹಿಂಗ ಇರ್ತಾವೇನು?" ಅನ್ನುತ್ತಿದ್ದರು.

ಅಂಬಿಗನ ಕಡೆಗೆ, ಓಣಿಗೆಲ್ಲ ಚಿಕ್ಕಮ್ಮನಾದ ಎದುರು ಮನೆಯ ಮೌಶಿ. "ಹಗಲೆಲ್ಲಾ ಯುದ್ಧ, ಹೊತ್ತ ಮುಳುಗಿದ್ರ ಹಕ್ಕಿ. ನಿಮ್ಮ ಗಿಡುಗ ಸಂಸಾರ ಯಾವಾಗ ಮಾಡ್ತಾನ್ರಿ ಕಾಕಾ?"

"ನಿಮ್ಮ ಅಂಬಿಗಗ ನೆರಳ ಇಲ್ಲ, ಮನಿ ಇಲ್ಲ, ನೌಕರಿ ಇಲ್ಲ. ನಿಮ್ಮ ಮಗಳನ್ನ ಕೊಡ್ತೀರೇನು?"

ಮೌಶಿ ಚುರುಮುರಿ ತಟ್ಟೆಗೆ ಕೈ ಹಾಕಿದರು. ಕೊಡುವುದಿಲ್ಲ ಅನ್ನುವುದು ಅಂಬಿಗನ ಕಡೆಯವರಿಗೂ ಗೊತ್ತಿತ್ತು.

ಒಮ್ಮೆ ನಾನು ಬಾಯಿ ಹಾಕಿದೆ. "ರಾಣಿಗೆ ಏನ ಬೇಕು ಅಂತ ಯಾರರ ಕೇಳೀರೇನು?"

"ಆಕಿಗೇನ ತಿಳೀತದವಾ, ಇನ್ನೂ ಸಣ್ಣಾಕಿ," ಅಂದರು ಕಾಕಾ.

ಕಥೆಯಲ್ಲಿ ರಾಣಿಗೆ ಮುನ್ನೂರು ವರ್ಷ.

ನಾನು ಅಲ್ಲಿಗೆ ಹೋಗುತ್ತಿದ್ದದ್ದು ನನ್ನ ಗೆಳತಿಯ ಕಾಟಕ್ಕೆ. ಆಕೆ ಹುಬ್ಬಳ್ಳಿಯ ಕೇಶ್ವಾಪುರದವಳು, ಆಕೆಯ ಅಬ್ಬಾ ಹೊಲಿಗೆ ಮಷೀನು ರಿಪೇರಿ ಮಾಡುತ್ತಾರೆ. ಮೂರು ವರ್ಷದಿಂದ ಕಾಲೇಜಿನ ಚರ್ಚಾಸ್ಪರ್ಧೆಗಳಿಗೆಲ್ಲ ನಾವಿಬ್ಬರೇ ಜೋಡಿ. ನಮ್ಮಲ್ಲಿ ಮಗ್ಗಲು ಆರಿಸಿಕೊಳ್ಳುವ ಪದ್ಧತಿ ಇಲ್ಲ, ಚೀಟಿ ಎತ್ತಬೇಕು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. "ನಿಮ್ಮ ಮನಸ್ಸನ್ನ ಚಪ್ಪಲಿ ಸಂಗತೀನ ಬಾಗಲದಾಗ ಬಿಟ್ಟ ಬರ್ರಿ," ಅನ್ನುತ್ತಿದ್ದರು ನಮ್ಮನ್ನು ತಯಾರು ಮಾಡುವ ಸರ್. ನಾವು ಒಂದೇ ನೋಟಬುಕ್ಕಿನ ಎಡಪುಟದಲ್ಲಿ ಪರ, ಬಲಪುಟದಲ್ಲಿ ವಿರೋಧ ಬರೆಯುತ್ತಿದ್ದೆವು. ನನ್ನ ವಾದ ಎಲ್ಲಿ ಕುಸಿಯುತ್ತದೆ ಅಂತ ಆಕೆ ಬರೆಯುತ್ತಿದ್ದಳು, ಆಕೆಯದು ಎಲ್ಲಿ ಅಂತ ನಾನು. ಒಬ್ಬರ ದುರ್ಬಲ ಜಾಗ ಇನ್ನೊಬ್ಬರಿಗೆ ತಿಳಿದಿರಬೇಕು ಅನ್ನುವುದೇ ನಮ್ಮ ಗೆಳೆತನದ ವ್ಯಾಕರಣವಾಗಿತ್ತು.

ಅಂಥ ಹುಡುಗಿ ಅಂಬಿಗನನ್ನು ನಂಬಿದ್ದಳು. ಹುಣ್ಣಿಮೆಯ ಕಂತಿನ ಮರುದಿನ ಆಕೆಯ ಕಣ್ಣು ಊದಿರುತ್ತಿದ್ದವು.

"ಪ್ಲೈವುಡ್ಡಿನ ದೋಣಿ ಲೇ ಅದು," ಎಂದು ಒಂದು ದಿನ ಬಸ್ಸಿನಲ್ಲಿ ಛೇಡಿಸಿದೆ. "ನೀರೂ ಗ್ರಾಫಿಕ್ಸು."

ಆಕೆ ಕಿಟಕಿ ಕಡೆ ಮುಖ ಮಾಡಿ ಹೇಳಿದಳು. ಎರಡು ವರ್ಷದ ಹಿಂದೆ ಒಂದು ಮನೆಯವರು ಹೆಣ್ಣು ನೋಡಿ ಹೋಗಿದ್ದರು. ಹುಡುಗ ಇವಳ ಜೊತೆ ಹತ್ತು ನಿಮಿಷ ಮಾತಾಡಿದ್ದ. ತಂಗಿಯ ಮದುವೆ ಮುಗಿಸಿ ಫೋನ್ ಮಾಡುತ್ತೇನೆ ಅಂದಿದ್ದ. ತಂಗಿಯ ಮದುವೆ ಆಗಿ ಒಂದೂವರೆ ವರ್ಷವಾಗಿತ್ತು.

"ಮನ್ಯಾಗ ಓದಬೇಕು ಅಂತ ಹೇಳಿ ಬ್ಯಾರೆ ಸಂಬಂಧ ಎಲ್ಲಾ ತಡದೇನಿ. ಗೊತ್ತಿಲ್ಲದ ನಂಬರಿಂದ ಫೋನ್ ಬಂದ್ರ ಈಗೂ ಹೊರಗ ಹೋಗಿ ಎತ್ತತೇನಿ. ಯಾರಿಗೂ ಹೇಳಬ್ಯಾಡ ಲೇ. ನಿನಗ ಒಬ್ಬಾಕಿಗೆ ಗೊತ್ತಿರೂದು."

"ಹೇಳೂದಿಲ್ಲ," ಅಂದೆ. ಖರೇನೇ ಅಂದಿದ್ದೆ.

ಧಾರಾವಾಹಿ ಮುಗಿಯಲು ಬಂದಾಗ ಕಾಕಾಗೆ ಹುಕಿ ಬಂತು. ಎರಡು ಕಡೆಗೂ ಒಂದು ಶಾಸ್ತ್ರೋಕ್ತ ವಾದ ಆಗಲಿ, ಹೆಂಗೂ ಕಾಲೇಜಿನ ಜೋಡಿ ಇಲ್ಲೇ ಇದೆ. ಅತ್ತಿ ಸ್ಟೀಲಿನ ಡಬ್ಬಿಯಲ್ಲಿ ಎರಡು ಚೀಟಿ ಹಾಕಿದಳು, ದೇವರ ಮನೆಯ ಗಂಟೆ ತಂದು ಮುಂದಿಟ್ಟುಕೊಂಡಳು. ನನಗೆ ಗಿಡುಗ ಬಂದ. ಆಕೆಗೆ ಅಂಬಿಗ. ಆಕೆಯ ಮುಖ ಅರಳಿತು. ಮೂರು ವರ್ಷದಲ್ಲಿ ಮೊದಲ ಸಲ, ತಾನು ನಂಬಿದ ಮಗ್ಗಲು ಚೀಟಿಯಲ್ಲಿ ಸಿಕ್ಕಿತ್ತು.

ಆಕೆ ಮೊದಲು ಮಾತಾಡಿದಳು. "ಹೊಡಿಯೂದು, ಕೊಲ್ಲೂದು ಯಾರ ಬೇಕಾದ್ರೂ ಮಾಡಬಹುದ್ರಿ. ಒಬ್ಬರ ಮಾತ ನಂಬಿ ಕುಂದ್ರೂದು ಐತೆಲ್ಲ, ಅದಕ್ಕ ಎದಿ ಬೇಕು." ಮೌಶಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಿಡುಗದ ಕಡೆಯ ಇಬ್ಬರು ತಲೆಯಾಡಿಸಿದರು. ನಾನು ಸೋಲುತ್ತಿದ್ದೆ. ಮೂರೇ ಕಂತು ನೋಡಿದ್ದ, ಇಬ್ಬರನ್ನೂ ಕಂಡರಾಗದ ನಾನು, ಈ ಚುರುಮುರಿ ಸಭೆಯಲ್ಲಿ ಸೋಲುತ್ತಿದ್ದೆ. ಅದು ತಡೆಯಲಾಗಲಿಲ್ಲ.

ಎದ್ದು ನಿಂತೆ. "ಕಾಯೂದು ಪ್ರೀತಿ ಅಲ್ರಿ, ಹೆದರಿಕಿ. ಇಲ್ಲ ಅನ್ನೋ ಮಾತ ಕೇಳಲಿಕ್ಕೆ ಧೈರ್ಯ ಇಲ್ಲದವರು ಕಾಯ್ತಾರ. ಬರೇ ಕಥಿ ಹೇಳಾಕತ್ತಿಲ್ಲ ನಾ. ನನಗ ಗೊತ್ತಿದ್ದಾಕಿ ಒಬ್ಬಾಕಿ ಇದ್ದಾಳ. ಹತ್ತು ನಿಮಿಷ ಮಾತಾಡಿ ಹೋದಂವನ ಫೋನಿಗೆ ಎರಡು ವರ್ಷದಿಂದ ಕಾಯಾಕತ್ತಾಳ. ಮನ್ಯಾಗ ಓದು ಅಂತ ಸುಳ್ಳು. ಗೊತ್ತಿಲ್ಲದ ನಂಬರ್ ಬಂದ್ರ ಅಂಗಳಕ್ಕ ಓಡತಾಳ. ಅಂವ ಈಕಿನ್ನ ಮರತ ಎಷ್ಟು ದಿನಾತೋ! ಇದಕ್ಕ ನೀವು ಎದಿ ಅಂತೀರೇನು?"

ಮೊದಲು ಕಾಕಾ ನಕ್ಕರು.

"ಹುಚ್ಚಿ ಇರಬೇಕು ಬಿಡ್ರಿ!"

"ಯಾರ ಅದು? ನಮ್ಮ ಓಣ್ಯಾಕಿಯೇನು?"

"ಹತ್ತ ನಿಮಿಷಕ್ಕ ಎರಡು ವರ್ಷ! ಅರ್ಧಾ ತಾಸ ಮಾತಾಡಿದ್ರ ಏನ ಗತಿ?"

ನಗೆ ಕೋಣೆಯ ತುಂಬ ಹರಡಿತು. ಮೌಶಿಯೂ ನಕ್ಕರು, ಈಗಷ್ಟೇ ಅಂಬಿಗನಿಗಾಗಿ ಅತ್ತಿದ್ದ ಮೌಶಿ. ಗೆಳತಿ ಮೊದಲ ಸಾಲಿನಲ್ಲಿ ನೋಟಬುಕ್ಕು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವರ ಜೊತೆ ತಾನೂ ನಗಲು ನೋಡಿದಳು, ಯಾರಿಗೂ ಸಂಶಯ ಬಾರದಿರಲಿ ಅಂತ. ಆ ಅರ್ಧ ನಗೆಯನ್ನು ನಾನು ನೋಡಿದೆ.

ಅತ್ತಿ ಗಂಟೆ ಬಾರಿಸಿದಳು. "ಉತ್ತರ ಕೊಡ್ಲಿಕ್ಕೆ ನಿನಗ ಮೂರು ನಿಮಿಷ ಅದವಾ."

ಆಕೆ ಎದ್ದು ನಿಂತಳು. "ಹೇಳೂದೇನೂ ಇಲ್ರಿ," ಅಂದು ಕೂತಳು.

ಕಾಕಾ ನನಗೆ ಗಿಡುಗನ ಚಿತ್ರವಿದ್ದ ಚಹಾದ ಮಗ್ಗು ಕೊಟ್ಟರು. "ಗೆದ್ದಿವಾ, ಹುಲಿ!"

ವಾಪಸು ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. ನನ್ನ ಮನೆ ಲಕಮನಹಳ್ಳಿಯಲ್ಲಿ. ಪ್ರತಿ ಸಲ ಸ್ಟಾಪು ಬಂದಾಗ ಆಕೆ "ಇಳೀರಿ ಮಹಾರಾಣಿ" ಅಂತ ಮೊಣಕೈಯಿಂದ ತಿವಿಯುತ್ತಿದ್ದಳು. ಅಂದು ಬರೀ ಕಾಲು ಸರಿಸಿ ದಾರಿ ಬಿಟ್ಟಳು.

ಆ ರಾತ್ರಿ ಕಾಕಾನ ಮೇಲೆ, ಮೌಶಿಯ ಮೇಲೆ, ರಟ್ಟಿನ ಗಿಡುಗದ ಮೇಲೆ ಎಷ್ಟು ಹೇಸಿಗೆಪಟ್ಟುಕೊಂಡರೂ ಅದು ತಿರುಗಿ ನನ್ನ ಬಾಯಿಗೇ ಬಂತು. ನಗುವವರಿಗೆ ನಗಲು ಕೊಟ್ಟವಳು ನಾನು. ಆಕೆ ಬಸ್ಸಿನಲ್ಲಿ ಹೇಳಿದ್ದನ್ನು ನಾನು ಬಲಪುಟದಲ್ಲಿ ಬರೆದುಕೊಂಡಿದ್ದೆ, ಅಷ್ಟೆ. ಪೆನ್ನಿಲ್ಲದೆ.

ಸೋಮವಾರ ಲೈಬ್ರರಿಯ ಮೆಟ್ಟಿಲ ಮೇಲೆ ಆಕೆಯನ್ನು ತಡೆದೆ. "ತಪ್ಪಾತು ಲೇ. ಹೆಸರು ಹೇಳಲಿಲ್ಲ ಅನ್ನೂದು ಸಬೂಬಲ್ಲ, ಅದು ಮೊದಲನೇದು. ಎರಡನೇದು..."

"ಎಷ್ಟು ಅದಾವ?" ಅಂದಳು.

"ಏನು?"

"ಪಾಯಿಂಟು. ಮೂರೋ, ನಾಲ್ಕೋ? ತಯಾರಿ ಮಾಡ್ಕೊಂಡ ಬಂದೀ ಅಲ್ಲ." ಸಿಟ್ಟಿನ ದನಿ ಅಲ್ಲ, ದಣಿದ ದನಿ. "ಇದಕ್ಕೂ ಚೀಟಿ ಎತ್ತಿಯೇನು ಲೇ?"

ನನ್ನ ಬಳಿ ಮೂರು ಇದ್ದವು. ಆಕೆ ಹೊಸ ಜೋಡಿ ಕೇಳಿ ಸರ್ ಬಳಿ ಹೋಗಿದ್ದಳೆಂದು ಆಮೇಲೆ ತಿಳಿಯಿತು.

ಧಾರಾವಾಹಿ ಮುಗಿಯಿತು. ರಾಣಿ ಗಿಡುಗನ ಪಾಲಾದಳು, ಕೆರೆ ಏನಾಯಿತೋ ತೋರಿಸಲಿಲ್ಲ. ಕೆಲವು ತಿಂಗಳ ನಂತರ ಅತ್ತಿಯ ಮನೆಯ ಬಾಗಿಲಲ್ಲಿ ಕಾಕಾ ಸಿಕ್ಕರು. ಹೊಸದೊಂದು ಸೀರಿಯಲ್ಲು ಶುರುವಾಗಿತ್ತು, ಅದರಲ್ಲೂ ಇಬ್ಬರಂತೆ. ವಾದ ಮತ್ತೆ ಇಡೋಣ ಅಂದರು. ನಾನು ಒಲ್ಲೆ ಅಂದೆ. ಅವರು ಹೊರಟವರು ತಿರುಗಿ ನಿಂತು, ಕಳೆದ ವಾರದ ಕಂತು ತಪ್ಪಿಸಿಕೊಂಡವರ ಹಾಗೆ ಕೇಳಿದರು:

"ಅಲ್ಲವಾ, ನೀ ಅವತ್ತ ಹೇಳಿದ್ದಿ ನೋಡು, ಫೋನ್ ಕಾಯೋ ಹುಡುಗಿ. ಮುಂದ ಏನಾತು? ಬಂತೇನು ಫೋನು?"

ಅವರ ಮುಖಕ್ಕೆ ಉಗುಳಬೇಕು ಅನ್ನಿಸಿತು. ಆದರೆ ಅವರು ಕೇಳಿದ್ದನ್ನೇ ಎಷ್ಟೋ ದಿನದಿಂದ ನಾನೂ ಕೇಳಿಕೊಳ್ಳುತ್ತಿದ್ದೆ, ಕೇಳಲು ಆಕೆಯ ಬಳಿ ಹೋಗುವ ಮುಖವಿಲ್ಲದೆ.

"ಗೊತ್ತಿಲ್ರಿ ಕಾಕಾ," ಅಂದೆ. "ನನಗೀಗ ಆಕಿ ಏನೂ ಹೇಳೂದಿಲ್ಲ."