ರೊಟ್ಟಿ ಬಡಿಯುವ ಮುಂಚೆ

ನನ್ನ ಗಂಡ ನನ್ನ ಕೈಯ ರೊಟ್ಟಿ ಬಿಟ್ಟು ಇನ್ನೊಬ್ಬಳ ಕೈಯ ರೊಟ್ಟಿ ಉಣ್ಣುತ್ತಿದ್ದಾರೆ ಎಂದು ತಿಳಿದ ದಿನ ನನಗೆ ಶನಿವಾರದ ಒಪ್ಪತ್ತು. ಹಸಿದ ಹೊಟ್ಟೆಗೆ ಕಿಚ್ಚು ಬೇಗ ಹತ್ತುತ್ತದೆ.

ಅವರು ಮಿಲಿಟರಿಯಲ್ಲಿದ್ದವರು. ಎಪ್ಪತ್ತೊಂದರ ಯುದ್ಧ ನೋಡಿದವರು. ಮುಂದೆ ಕೆಲವು ವರ್ಷಕ್ಕೆ ಪೆನ್ಶನ್ ಮೇಲೆ ಮಾನ್ವಿಗೆ ಬಂದಾಗ ಕೈಕಾಲು ನೆಟ್ಟಗಿದ್ದವು, ಮೈಮೇಲೆ ಒಂದು ಗಾಯದ ಗುರುತೂ ಇರಲಿಲ್ಲ. ದೇವದುರ್ಗದಿಂದ ನಮ್ಮವ್ವ ಬಂದು ದೃಷ್ಟಿ ತೆಗೆದು, ಗಂಡ ಇಡಿಯಾಗಿ ಮನೆಗೆ ಬಂದಿದ್ದಾನೆ, ಹನುಮಪ್ಪನಿಗೆ ಎಣ್ಣೆ ಹಾಕು ಎಂದಳು. ಹಾಕಿದೆ. ಎಷ್ಟೋ ಮಂದಿಗೆ ಆ ಪುಣ್ಯವೂ ಇಲ್ಲ.

ಬಂದ ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯಲು ಶುರು ಮಾಡಿದ್ದೆ. ಪಡಸಾಲೆಯಲ್ಲಿ ಕೂತವರು ಒಮ್ಮೆಲೇ ಎದ್ದು, ಅಂಗಳದಲ್ಲಿ ಆಡುತ್ತಿದ್ದ ಮಗಳನ್ನು ಕೆಡವಿಕೊಂಡು ಅವಳ ಮೇಲೆ ಬೋರಲು ಬಿದ್ದರು. ಕೂಸು ಕಿರುಚಿತು. ಎದ್ದ ಮೇಲೆ ಅವರ ಮುಖ ನೋಡಲಾಗಲಿಲ್ಲ, ಅಷ್ಟು ನಾಚಿಕೊಂಡಿದ್ದರು. ಅತ್ತೆ ಗಾಳಿ ಸೋಕಿದೆ ಎಂದು ಗುಡಿಗೆ ಕರೆದುಕೊಂಡು ಹೋಗಿ ಕೈಗೆ ದಾರ ಕಟ್ಟಿಸಿದರು. ದಾರ ಇದ್ದೇ ಇತ್ತು. ಆದರೆ ಅಂದಿನಿಂದ ನಾನು ಹಿಟ್ಟಿಗೆ ಬಿಸಿನೀರು ಹಾಕಿದ್ದೇ ತಡ, ಇವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುವರು. ಮಧ್ಯಾಹ್ನ ಬಂದು ಆರಿದ ಅರ್ಧ ರೊಟ್ಟಿ ಮುರಿದು ತಿಂದರೆ ತಿಂದರು.

ನನಗೆ ತಿಳಿದದ್ದು ಇಷ್ಟೇ: ನನ್ನ ರೊಟ್ಟಿ ರುಚಿಸುತ್ತಿಲ್ಲ. ನಮ್ಮ ಕಡೆ ಸೊಸೆಯ ಯೋಗ್ಯತೆ ಆಕೆಯ ರೊಟ್ಟಿಯ ಸಪ್ಪಳದಲ್ಲಿ. ಮೂರು ಮನೆಯಾಚೆ ಕೇಳಬೇಕು, ಆಗ ರೊಟ್ಟಿ ತೆಳ್ಳಗಾಗುತ್ತದೆ, ಆಗ ಓಣಿಯವರು ಸೊಸೆ ಗಟ್ಟಿ ಎನ್ನುತ್ತಾರೆ. ಅವರಿಗೆ ರುಚಿಸಲಿ ಎಂದು ನಾನು ಇನ್ನಷ್ಟು ಜೋರಾಗಿ ಬಡಿದೆ. ಹೀಗೇ ವರ್ಷಗಟ್ಟಲೆ.

ತಿಂಗಳಿಗೊಮ್ಮೆ ಪೆನ್ಶನ್‌ಗೆಂದು ರಾಯಚೂರಿಗೆ ಹೋದವರು ಸಂಜೆ ಬಂದು ಊಟ ಆಗಿದೆ ಎನ್ನುತ್ತಿದ್ದರು. ಖಾನಾವಳಿ ಇರಬೇಕು ಎಂದುಕೊಂಡಿದ್ದೆ. ಆ ಶನಿವಾರ, ಇವರ ಜೊತೆ ಹೋಗಿಬಂದಿದ್ದ ನಮ್ಮ ಓಣಿಯವನೊಬ್ಬ ನಗುತ್ತಾ ಹೇಳಿದ, ಗಿಲ್ಲೆಸುಗೂರಿನಲ್ಲಿ ಇವರ ಪಲ್ಟನ್ನಿನವನೊಬ್ಬ ಇದ್ದಾನೆ, ಅವನ ಹೆಂಡತಿ ಮಾಡಿದ ರೊಟ್ಟಿ ನಾಲ್ಕು ಉಂಡರು, ಆ ಮನೆಯಲ್ಲಿ ನಿನ್ನ ಗಂಡ ಮಾತು ನಿಲ್ಲಿಸುವುದೇ ಇಲ್ಲ ಎಂದು. ನಾಲ್ಕು ರೊಟ್ಟಿ. ನನ್ನ ಮನೆಯಲ್ಲಿ ದಿನಕ್ಕೆ ನಾಲ್ಕು ಮಾತೂ ಆಡದವರು.

ಮುಂದಿನ ತಿಂಗಳು ನಾನೂ ಬರುತ್ತೇನೆಂದು ಹಟ ಹಿಡಿದೆ. ನೋಡಬೇಕಿತ್ತು ಆಕೆಯನ್ನು. ರಾಯಚೂರಿನಲ್ಲಿ ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ಆಕೆಯನ್ನು ಬೆಳ್ಳಗೆ, ಎತ್ತರಕ್ಕೆ, ಮೂಗುತಿ ಇಟ್ಟು ಮನಸ್ಸಿನಲ್ಲೇ ಸಿಂಗರಿಸಿದೆ. ಬಾಗಿಲಲ್ಲಿ ನಿಂತವಳು ನನಗಿಂತ ಕಪ್ಪು, ಮುಂದಿನ ಹಲ್ಲು ಉಬ್ಬು. ಅದು ಇನ್ನೂ ಹೊಟ್ಟೆ ಉರಿಸಿತು. ಚೆಲುವೆಯಾಗಿದ್ದರೆ ದೇವರ ಕೊಡುಗೆ ಎಂದಾದರೂ ಸುಮ್ಮನಾಗಬಹುದಿತ್ತು.

ಗಂಡಸರಿಬ್ಬರೂ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವಂತೆ ಕೂತರು. ಆಕೆ ಒಲೆಯ ಮುಂದೆ ಹಿಟ್ಟು ನಾದಿ, ಉಂಡಿ ಮಾಡಿ, ಕೈಯೆತ್ತಿ ನಿಲ್ಲಿಸಿ, ಪಡಸಾಲೆಗೆ ಕೇಳುವಂತೆ ಹೇಳಿದಳು: "ಅಣ್ಣಾರ, ರೊಟ್ಟಿ ಬಡಿತೀನ್ರಿ."

"ಹೂಂ, ಬಡೀರಿ," ಎಂದರು ನನ್ನ ಗಂಡ.

ಮೊದಲು ಮೆಲ್ಲಗೆ ಎರಡು ಏಟು, ಆಮೇಲೆ ಜೋರು. ಇವರು ಕದಲಲಿಲ್ಲ. ಆ ಸಪ್ಪಳದ ನಡುವೆಯೇ ಗೆಳೆಯನೊಂದಿಗೆ ಮಾತಿಗಿಳಿದರು. ನೀರು ತುಂಬಿದ ತಗ್ಗಿನಲ್ಲಿ ಎರಡು ದಿನ ಕೂತದ್ದು, ಪಕ್ಕದಲ್ಲಿದ್ದ ತೆಲುಗಿನ ಹುಡುಗ ಬೀಡಿ ಕೇಳಿದವನು ಕೊಟ್ಟ ಬೀಡಿ ಹಚ್ಚುವುದರೊಳಗೆ ಇಲ್ಲವಾದದ್ದು. ಮೂರು ಮಕ್ಕಳ ತಾಯಿ ನಾನು, ಇದನ್ನೆಲ್ಲ ಮೊದಲ ಸಲ ಕೇಳುತ್ತಿದ್ದೆ, ಅದೂ ಪರರ ಒಲೆಯ ಮುಂದೆ ಕೂತು. ಆಕೆ ಎಷ್ಟೋ ಸಲ ಕೇಳಿದವಳಂತೆ ರೊಟ್ಟಿ ತಿರುವಿ ಹಾಕಿದಳು. ಅಳಬೇಕೋ, ಆ ರೊಟ್ಟಿ ಕಸಿದು ಒಲೆಗೆ ಹಾಕಬೇಕೋ ತಿಳಿಯಲಿಲ್ಲ.

ಅದೇನು, ಕೇಳಿ ಬಡಿಯುತ್ತೀ ಎಂದೆ, ಸ್ವಲ್ಪ ಕೊಂಕಾಗಿಯೇ.

"ನಮ್ಮವ್ರು ಒಮ್ಮೆ ಕಾದ ಹಂಚು ಎತ್ತಿ ಒಗದಿದ್ರು ತಂಗಿ. ಆಮ್ಯಾಲ ತಿಳೀತು. ಅವರು ಅಂಜೂದು ಸಪ್ಪಳಕ್ಕಲ್ಲ, ಹೇಳದ ಬರೂ ಸಪ್ಪಳಕ್ಕ. ಹೇಳಿ ಬಡದ್ರ ಕುಂದರತಾರ."

ಕೇಳಿದೆ. ಮನೆಗೆ ಬಂದು ಹಾಗೆ ಮಾಡಲಿಲ್ಲ. ನನ್ನ ಗಂಡನನ್ನು ನನ್ನ ಮನೆಯಲ್ಲಿ ಕೂಡಿಸಲು ಆಕೆಯ ಬುದ್ಧಿ ಬೇಕೇ? ದೇವರ ಮುಂದೆ ದಿನಾ ಎಲ್ಲರಿಗೂ ಒಳ್ಳೆಯದು ಬೇಡುವವಳು, ಆಕೆಯ ನೆನಪು ಬಂದಾಗ ಮಾತ್ರ ಗಂಟೆ ಬಾರಿಸಿ ಪೂಜೆ ಮುಗಿಸುತ್ತಿದ್ದೆ. ಅತ್ತೆಯ ಎದುರು ಗಂಡನಿಗೆ ಕೂಗಿ ಮಾತಾಡುವ ರೂಢಿಯೂ ನಮ್ಮಲ್ಲಿರಲಿಲ್ಲ. ಅದೊಂದು ನೆಪವಾಯಿತು.

ಅಷ್ಟರಲ್ಲಿ ಇವರಿಗೆ ಶಕ್ತಿನಗರದಲ್ಲಿ ಕಾವಲುಗಾರನ ಕೆಲಸ ಸಿಕ್ಕಿತು. ಅಲ್ಲೇ ಇರಬೇಕಾಗುತ್ತದೆ ಎಂದರು. ಯಾರ್‍ಯಾರು ಹೋಗುವುದು ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಡುವ ಬೆಳಿಗ್ಗೆ ಟ್ರಂಕು ಬಾಗಿಲ ಬಳಿ ಬಂತು. ನಾನು ಬುತ್ತಿಗೆ ರೊಟ್ಟಿ ಮಾಡಲು ಕೂತೆ. ಬಿಸಿನೀರು ಹಾಕಿದೆ. ಇವರು ಚಪ್ಪಲಿ ಮೆಟ್ಟಿದರು. ಈಗ ಹೊಸ್ತಿಲು ದಾಟಿದರೆ ಮನುಷ್ಯ ನನ್ನ ಮನೆಗೆ ನೆಂಟನಾಗಿ ಬರುತ್ತಾನೆ ಅನ್ನಿಸಿತು. ಸೆರಗು ಎಳೆದುಕೊಂಡು ಕೂಗಿದೆ:

"ಕೇಳ್ರಿ, ರೊಟ್ಟಿ ಬಡಿತೀನಿ."

ಅತ್ತೆ ಜಪದ ಸರ ಕೆಳಗಿಟ್ಟರು. "ರೊಟ್ಟಿ ಬಡಿಯಾಕೂ ಡಂಗುರ ಸಾರಬೇಕೇನಬೇ? ಊರ ಮಂದೀನ್ನೆಲ್ಲಾ ಕರಿ, ಬಂದು ನೋಡ್ಲಿ."

ಇವರು ಬಾಗಿಲಲ್ಲೇ ನಿಂತಿದ್ದರು. ನಾನು ಕೈಯೆತ್ತಿಕೊಂಡೇ ಇದ್ದೆ, ಹಿಟ್ಟು ಆರುತ್ತಿತ್ತು.

"ಯಾರು ಹೇಳಿಕೊಟ್ರು?" ಎಂದು ಕೇಳಿದರು.

ನನಗೇ ಹೊಳೆಯಿತು ಎನ್ನಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು. ಎದುರಿಗೆ ದೇವರ ಜಗುಲಿ ಇತ್ತು, ಹಾಗಾಗಿ ಗಿಲ್ಲೆಸುಗೂರಿನ ಅಕ್ಕ ಎಂದುಬಿಟ್ಟೆ. ಉಗುರು ಕಿತ್ತಂತಾಯಿತು.

ಅವರು ಚಪ್ಪಲಿ ಬಿಟ್ಟು ಬಂದು, ಅಡುಗೆ ಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತರು. "ಬಡಿ," ಎಂದರು. ಮೆಲ್ಲಗೆ ಎರಡು ಏಟು ಹಾಕಿದೆ. ಅವರ ಮೊಣಕಾಲ ಮೇಲಿನ ಕೈ ಬಿಗಿಯಿತು, ಆಮೇಲೆ ಸಡಿಲಾಯಿತು. ಮೂರನೆಯ ರೊಟ್ಟಿಯನ್ನು ಹಂಚಿನಿಂದಲೇ ತೆಗೆದುಕೊಂಡು, ಚಟ್ನಿಪುಡಿ ಹಚ್ಚಿಕೊಂಡು ಉಂಡರು. ರಾಯಚೂರಿನ ಮೊದಲ ಬಸ್ಸು ಹೋದದ್ದು ಇಬ್ಬರಿಗೂ ಕೇಳಿತು. ಯಾರೂ ಏಳಲಿಲ್ಲ.

"ಅಲ್ಲಿ ಎರಡು ಖೋಲಿ ಕೊಡ್ತಾರ," ಎಂದರು ತಾಟು ನೋಡುತ್ತಾ. "ಹುಡುಗ್ರ ಸಾಲಿನೂ ಸನೇದಾಗ ಅದ. ಅವ್ವನ್ನೂ ಕರಕೊಂಡು ಹೋಗಬೌದು."

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಗಿಲ್ಲೆಸುಗೂರಿನ ಮನ್ಯಾಗ ಹೇಳಿದ್ದೆ," ಎಂದರು. "ನಿನಗ ಹೇಳಾಕ ಬಾಯಿ ಬರಲಿಲ್ಲ. ನೀ ಬರೂದಿಲ್ಲ ಅಂದ್ರ?"

ಅಂದರೆ ಇದೂ ಆಕೆಗೆ ಮೊದಲೇ ಗೊತ್ತಿತ್ತು. ಉರಿಯಿತು. ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಕಪ್ಪಾಗುವತನಕ ತಿರುವಿ ಹಾಕಲಿಲ್ಲ. ಆಮೇಲೆ ಕೈ ತೊಳೆದುಕೊಂಡು ಎದ್ದು, ಟ್ರಂಕು ತೆಗೆದು, ಅವರ ಬಟ್ಟೆ ಒಂದು ಬದಿಗೆ ಸರಿಸಿ ನನ್ನ ಎರಡು ಸೀರೆ ಇಟ್ಟೆ.